ಕರಿಗವಸಿನೊಳಗೆ ಒಂಬತ್ತು ದಿನ

ಬೆಳಗಿನ ಐದೂಕಾಲು. ಗಾಜಿನ ಮನೆಯ ಬೀಗ ತೆಗೆದ ಸದ್ದಿಗೆ ಛಾವಣಿಯ ಮೇಲಿನ ಪಾರಿವಾಳಗಳು ಒಮ್ಮೆ ಕದಲಿ ಮತ್ತೆ ಕೂರುತ್ತವೆ. ಒಳಗೆ ದೀಪ ಹಾಕುವಂತಿಲ್ಲ. ಹಾಕುವ ಅಗತ್ಯವೂ ಎಲೆಯಕ್ಕನಿಗಿಲ್ಲ. ಮೂವತ್ತೊಂದು ವರ್ಷ ತುಳಿದ ದಾರಿಗೆ ದೀಪ ಯಾಕೆ? ಎಡಗೈಯನ್ನು ಬೆಂಚಿನ ಅಂಚಿಗೆ ತಾಗಿಸಿಕೊಂಡು ಇಪ್ಪತ್ತಾರು ಹೆಜ್ಜೆ ನಡೆದು, ಕಪ್ಪು ಗವಸು ತೊಟ್ಟು ಸಾಲಾಗಿ ಕೂತ ಕುಂಡಗಳ ಮುಂದೆ ನಿಲ್ಲುತ್ತಾರೆ. ಮೊದಲ ಗವಸಿನ ಕೊರಳಿಗೆ ಕಟ್ಟಿದ ಲಾಡಿಯನ್ನು ಬೆರಳಲ್ಲೇ ಹುಡುಕಿ ಬಿಚ್ಚುತ್ತಾರೆ. ಒಳಗಿನ ಗಿಡ ಎರಡು ದಿನದಿಂದ ಬೆಳಕು ಕಂಡಿಲ್ಲ. ಬ್ಲೇಡಿನಿಂದ ಮೂರು ಎಲೆ ಕೊಯ್ದು, ನಡುವಿನ ನರ ತೆಗೆದು, ಐಸಿನ ಡಬ್ಬಿಗೆ ಹಾಕುವಷ್ಟರಲ್ಲಿ ನಲವತ್ತು ಸೆಕೆಂಡು. ಆ ಬ್ಲೇಡು ಬದಿಗೆ, ಹೊಸ ಬ್ಲೇಡು ಕೈಗೆ, ಮುಂದಿನ ಕುಂಡ.

ಇದಕ್ಕೆ ಇಲ್ಲಿಯವರು ‘ಉಪವಾಸ ಕೂರಿಸುವುದು’ ಅನ್ನುತ್ತಾರೆ. ಎಲೆ ಹಗಲೆಲ್ಲ ಬಿಸಿಲು ಉಂಡು ಪಿಷ್ಟ ತಯಾರಿಸಿ ಒಳಗೇ ಕೂಡಿಟ್ಟುಕೊಳ್ಳುತ್ತದೆ. ಆ ಪಿಷ್ಟದ ಹರಳುಗಳು ಎಲೆ ಅರೆಯುವಾಗ ಮರಳಿನ ಹಾಗೆ ಉಜ್ಜಿ, ಬೇಕಾದ ವಸ್ತುವನ್ನೇ ಹರಿದು ಹಾಕುತ್ತವೆ. ಬೇಕಾದದ್ದು ಕ್ಲೋರೋಪ್ಲಾಸ್ಟ್, ಅಂದರೆ ಎಲೆಗೆ ಹಸಿರು ಕೊಡುವ, ಕಣ್ಣಿಗೆ ಕಾಣದ ಕಣ. ಅದರ ಹೊಟ್ಟೆಯಲ್ಲಿ ಗಿಡದ ವಂಶದ ಬರಹವೊಂದು, ಅಂದರೆ ಡಿಎನ್‌ಎ, ಉಂಗುರದ ಹಾಗೆ ಸುತ್ತಿಕೊಂಡಿದೆ. ಇರುವುದು ನಾಲ್ಕೇ ಅಕ್ಷರ, ಆದರೆ ಸಾಲು ಒಂದೂವರೆ ಲಕ್ಷ ಅಕ್ಷರದಷ್ಟು ಉದ್ದ. ಅದನ್ನು ಓದುವುದು ಯಂತ್ರ. ಯಂತ್ರ ಓದುವ ಹಾಗೆ ಎಲೆಯಿಂದ ಅದನ್ನು ಶುಚಿಯಾಗಿ ಬಿಡಿಸಿ ಕೊಡುವುದು ಮನುಷ್ಯರ ಕೈ, ಮತ್ತು ಈ ಸಂಸ್ಥೆಯಲ್ಲಿ ಆ ಕೈ ಎಲೆಯಕ್ಕನದು.

ಈ ಸಂಸ್ಥೆಯಿಂದ ಈವರೆಗೆ ಇನ್ನೂರ ಹನ್ನೆರಡು ಗಿಡಗಳ ಓದು ಹೊರಬಿದ್ದಿದೆ. ಅದರಲ್ಲಿ ಇನ್ನೂರಕ್ಕೆ ಎಲೆ ಅರೆದವರು ಇವರೇ. ಆದರೆ ಅವರು ಮಾತಾಡಲು ಒಪ್ಪಿದ್ದು ಒಂದೇ ಒಂದರ ಬಗ್ಗೆ. ಜಗತ್ತಿನಲ್ಲಿ ಉಳಿದಿದ್ದ ಆ ಜಾತಿಯ ಕೊನೆಯ ಗಿಡ ಹೋದ ವರ್ಷ ಇದೇ ಬೆಂಚಿನ ಮೇಲೆ, ಇಂಥದೇ ಗವಸಿನೊಳಗೆ ಸತ್ತಿತು. ಅದರ ಬರಹವನ್ನು ಓದಿ ಮುಗಿಸಿದ ಪ್ರಬಂಧದಲ್ಲಿ ‘ಗಿಡ ಸಹಜ ಕಾರಣಗಳಿಂದ ಸತ್ತಿತು’ ಎಂದು ಅಚ್ಚಾಗಿದೆ. ಆ ಒಂದು ಸಾಲನ್ನು ತಿದ್ದಿಸಬೇಕು ಎಂದು ಎಲೆಯಕ್ಕ ಏಳು ತಿಂಗಳಿಂದ ಕೇಳುತ್ತಿದ್ದಾರೆ. ಇನ್ನು ಎಂಟು ತಿಂಗಳಿಗೆ ಅವರಿಗೆ ನಿವೃತ್ತಿ. ಅಷ್ಟರೊಳಗೆ ಆಗಲಿ ಎನ್ನುವುದು ಅವರ ಹಟ. ಆಗುವುದಿಲ್ಲ ಎನ್ನುವುದೂ ಅವರಿಗೆ ಗೊತ್ತು.

ಇಪ್ಪತ್ತೆಂಟನೇ ವಯಸ್ಸಿನಲ್ಲಿ ಗಾಜಿನ ಸಾಮಾನು ತೊಳೆಯಲು ಈ ಸಂಸ್ಥೆಗೆ ಸೇರಿದವರು ಅವರು. ತೊಳೆಯುವ ತೊಟ್ಟಿಯ ಎದುರಿಗೇ ಎಲೆ ಅರೆಯುವ ಮೇಜು. ಅರೆಯುತ್ತಿದ್ದವರು ಅರೆಯುತ್ತಲೇ ಇದ್ದರು, ಇವರು ನೋಡುತ್ತಲೇ ಇದ್ದರು. ಎರಡನೇ ವರ್ಷ ಒಂದು ದಿನ ಅರೆಯುವವರಿಗೆ ಜ್ವರ ಬಂತು. ‘ನಾನು ಮಾಡ್ಲಾ?’ ಎಂದು ಕೇಳಿ, ಎಲ್ಲರೂ ನಕ್ಕರೂ, ಮಾಡಿ ತೋರಿಸಿದರು. ಅವತ್ತಿನಿಂದ ಲೋಟ ತೊಳೆಯುವ ಕೆಲಸ ಬೇರೆಯವರ ಪಾಲಾಯಿತು. ಹತ್ತನೇ ತರಗತಿ ದಾಟದ ಇವರ ಹತ್ತಿರ ಈಗ ಡಾಕ್ಟರೇಟಿಗೆ ಬಂದವರೆಲ್ಲ ಮೊದಲ ಆರು ತಿಂಗಳು ಕೈ ಕಟ್ಟಿ ನಿಂತು ಕಲಿಯುತ್ತಾರೆ. ‘ಎಲೆಯಕ್ಕ’ ಎಂದು ಹೆಸರಿಟ್ಟವರೂ ಅವರೇ. ಬೈಗುಳ ತಿಂದವರೂ ಅವರೇ.

ದಿನದ ಲೆಕ್ಕ ಕೇಳಿದರೆ ಸುಸ್ತಾಗುತ್ತದೆ. ಮುನ್ನೂರ ನಲವತ್ತು ಕುಂಡಗಳನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡಬೇಕು. ಕೊಯ್ದ ಎಲೆ ಹಿಡಿದು ಸೀದಾ ನಾಲ್ಕು ಡಿಗ್ರಿಯ ಶೀತದ ಕೋಣೆಗೆ. ಅಲ್ಲಿ ಮೂರು ಗಂಟೆ. ಮಿಕ್ಸಿಯಲ್ಲಿ ಮೂರೇ ಸುತ್ತು, ಒಂದೊಂದೂ ಎರಡು ಸೆಕೆಂಡು; ನಾಲ್ಕನೇ ಸುತ್ತು ಕೊಟ್ಟರೆ ಕೆಟ್ಟಿತು. ನಾಲ್ಕು ಪದರದ ಬಟ್ಟೆಯಲ್ಲಿ ಸೋಸಿ, ಸಕ್ಕರೆ ನೀರಿನ ಮೇಲೆ ಇಳಿಬಿಟ್ಟು, ಯಂತ್ರದಲ್ಲಿ ಗಿರಗಿರ ತಿರುಗಿಸಿದಾಗ ಕೊಳವೆಯ ನಡುವೆ ತೆಳ್ಳಗೆ ಒಂದು ಹಸಿರು ಪಟ್ಟಿ ನಿಲ್ಲುತ್ತದೆ. ಅದನ್ನು ಹಾಲಿನ ಕೆನೆ ತೆಗೆದ ಹಾಗೆ ಎತ್ತಬೇಕು. ಕೈ ನಡುಗಿದರೆ ತಿಂಗಳ ಕೆಲಸ ನೀರಲ್ಲಿ ಹೋಮ. ಶೀತದ ಕೋಣೆಯಿಂದ ಹೊರಬಂದರೆ ಗಾಜಿನ ಮನೆಯಲ್ಲಿ ಮೂವತ್ತೆಂಟು ಡಿಗ್ರಿ. ಒಂದು ಬಾಗಿಲಲ್ಲಿ ಚಳಿಗಾಲ, ಇನ್ನೊಂದರಲ್ಲಿ ಬೇಸಿಗೆ. ಬೆರಳ ಗಿಣ್ಣುಗಳು ಬಾತುಕೊಂಡು ಉಂಗುರ ಇಳಿಯದೆ, ಕೊನೆಗೆ ಕತ್ತರಿಸಿ ತೆಗೆಸಬೇಕಾಯಿತು.

ಅವರ ಯಜಮಾನರು ಟೈಲರ್. ಗಿಡಗಳಿಗೆ ತೊಡಿಸುವ ಎರಡು ಪದರದ ಕರಿಗವಸುಗಳನ್ನೆಲ್ಲ ಹೊಲಿದುಕೊಟ್ಟವರು ಅವರೇ. ಹೆಂಡತಿಯ ಬಗ್ಗೆ ಕೇಳಿದರೆ ಮೊದಲು ತಮಾಷೆಯೇ ಬಾಯಿಗೆ ಬರುತ್ತದೆ. “ಮನೇಲಿ ಸೊಪ್ಪು ಬಿಡಿಸೋಕೆ ಕೂತ್ರೂ ಒಂದೊಂದು ಎಲೇದೂ ನರ ತೆಗೀತಾಳೆ. ಮಧ್ಯಾಹ್ನದ ಅಡುಗೆ ಸಂಜೆಗೆ ಆಗುತ್ತೆ” ಎನ್ನುತ್ತಾರೆ. ಆಮೇಲೆ ಹೊಲಿಗೆ ಯಂತ್ರದ ಚಕ್ರ ತಿರುಗಿಸಿ ಕೈಯಲ್ಲಿದ್ದ ಹೊಲಿಗೆಗೆ ಮರಳುತ್ತಾರೆ. ಹೋದ ವರ್ಷದಿಂದ ಗವಸು ಹೊಲಿಯುವುದನ್ನು ಅವರು ಬಿಟ್ಟಿದ್ದಾರೆ.

ಆ ಗಿಡಕ್ಕೆ ಎಲೆಯಕ್ಕ ಇಟ್ಟ ಹೆಸರು ಮೊಂಡಿ. ಶಾಸ್ತ್ರದ ಹೆಸರು ಉದ್ದ ಇದೆ, ಅದನ್ನು ಅವರು ಒಂದು ಸಲವೂ ಬಳಸಿಲ್ಲ. ಗೇಣುದ್ದವೂ ಇರದ ಗಿಡ, ನೀರು ಜಿನುಗುವ ಬಂಡೆಯ ಮೈಗೆ ಅಂಟಿಕೊಂಡು ಬೆಳೆಯುವಂಥದು. ಎಲೆಯ ಅಡಿಯಲ್ಲಿ ಬೆಕ್ಕಿನ ಕಿವಿಯಲ್ಲಿರುವಂಥ ನವಿರು ಕೂದಲು. ಅದು ಬೆಳೆಯುತ್ತಿದ್ದುದು ಒಂದೇ ಗುಡ್ಡದಲ್ಲಿ. ಆ ಗುಡ್ಡವನ್ನು ಜಲ್ಲಿಗಾಗಿ ಸಿಡಿಸುವ ಹಿಂದಿನ ವಾರ ಸಸ್ಯ ಸಂಗ್ರಹಿಸುವವರೊಬ್ಬರು ಹಗ್ಗ ಕಟ್ಟಿಕೊಂಡು ಇಳಿದು ಮೂರು ಬುಡ ಕಿತ್ತು ತಂದಿದ್ದರು. ವರ್ಷ ತುಂಬುವುದರೊಳಗೆ ಎರಡು ಹೋದವು. ಮೂರನೆಯದು ನೀರು ಹೆಚ್ಚಾದರೆ ಮುನಿಸು, ಕಡಿಮೆಯಾದರೆ ಮುನಿಸು, ಕುಂಡ ಒಂದಿಂಚು ಸರಿಸಿದರೆ ವಾರವಿಡೀ ಮುನಿಸು. ಹೂ ಬಿಟ್ಟಿತು, ಆದರೆ ಪರಾಗ ಕೊಡಲು ಜೊತೆಗಾರನೇ ಇಲ್ಲದ್ದರಿಂದ ಬೀಜ ಕಟ್ಟಲಿಲ್ಲ. ಎಲೆ ನೆಟ್ಟು ಸಸಿ ಮಾಡಲು ಎಲೆಯಕ್ಕ ಹತ್ತೊಂಬತ್ತು ಸಲ ನೋಡಿದರು. ಹತ್ತೊಂಬತ್ತೂ ಕೊಳೆತವು. ಒಂಟಿಯಾಗಿಯೇ ಅದು ಆರು ವರ್ಷ ಬದುಕಿತು. ಹೆಚ್ಚೆಂದರೆ ಹನ್ನೊಂದು ಎಲೆ.

ಅದರ ವಂಶದ ಬರಹ ಓದಬೇಕು ಎಂದು ತೀರ್ಮಾನಿಸಿದವರು ವಿಭಾಗದ ಮುಖ್ಯಸ್ಥೆ. ಎಲ್ಲರಿಗೂ ಅವರು ಬರೀ ಮೇಡಂ. ಎಲೆಯಕ್ಕನಿಗಿಂತ ಹತ್ತು ವರ್ಷ ಚಿಕ್ಕವರು, ಅವರನ್ನು ಅಕ್ಕ ಎಂದೇ ಕರೆಯುತ್ತಾರೆ. ಗಿಡ ಹೋದರೂ ಬರಹ ಉಳಿಯಲಿ ಎನ್ನುವುದು ಅವರ ಮಾತು. ಗಿಡ ಹೋದ ಮೇಲೆ ಬರಹ ಯಾರಿಗೆ ಎನ್ನುವುದು ಎಲೆಯಕ್ಕನ ಪ್ರಶ್ನೆ. ಗೆದ್ದದ್ದು ಮೇಡಂ ಮಾತೇ. ಬೇರೆ ಗಿಡಗಳಿಗಾದರೆ ಚೂರು ಎಲೆ ಸಾಕಾಗುತ್ತದೆ. ಮೊಂಡಿಯ ಎಲೆಯಲ್ಲಿ ಲೋಳೆ ಜಾಸ್ತಿ, ಎಲೆಯನ್ನು ಇಡಿಯಾಗಿ ಅರೆದು ಕೊಟ್ಟರೆ ಯಂತ್ರ ಓದುವುದಿಲ್ಲ. ಹಸಿರು ಕಣಗಳನ್ನು ಮೊದಲು ಬೇರೆ ಮಾಡಲೇಬೇಕು, ಅದಕ್ಕೆ ಉಪವಾಸ ಕೂರಿಸಲೇಬೇಕು. ಮೊದಲ ಸಲ ನಾಲ್ಕು ಎಲೆ ಕೊಯ್ದರು, ಲೋಳೆ ಗೆದ್ದಿತು. ಒಂದು ವರ್ಷ ಕಾದು ಮತ್ತೆ ಮೂರು ಕೊಯ್ದರು. ಈ ಸಲ ಬರಹ ಬಂತು, ಆದರೆ ಉಂಗುರದ ಎರಡು ತುದಿ ಕೂಡಲಿಲ್ಲ, ನಡುವೆ ಎಂಟುನೂರು ಅಕ್ಷರ ಕಾಣೆ. ಅಷ್ಟನ್ನು ಹಿಡಿಯಲು ಇನ್ನೆರಡು ಎಲೆ ಬೇಕು ಎಂದರು ಮೇಡಂ. ಮೊಂಡಿಯ ಮೈಮೇಲೆ ಆಗ ಇದ್ದದ್ದು ಏಳು.

ಗಾಜಿನ ಮನೆಯ ಗೋಡೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದ ಒಂದು ಹಾಳೆ ಇದೆ: ‘ಕಟ್ಟಿದವರೇ ಬಿಚ್ಚಬೇಕು.’ ಇದನ್ನು ಬರೆದವರು ಎಲೆಯಕ್ಕ. ಹನ್ನೆರಡು ವರ್ಷದ ಹಿಂದೆ ಸಂಶೋಧನೆಗೆ ಬಂದ ಹುಡುಗಿಯೊಬ್ಬಳು ಫೋಟೊ ತೆಗೆಯಲು ಗವಸು ಬಿಚ್ಚಿ, ಮತ್ತೆ ತೊಡಿಸಲು ಮರೆತು ಊಟಕ್ಕೆ ಹೋಗಿದ್ದಳು. ಒಂದು ತಿಂಗಳ ಕೆಲಸ ಮಣ್ಣುಪಾಲಾಯಿತು. ಎಲೆಯಕ್ಕ ಅವತ್ತು ಆಡಿದ ಮಾತು ಕಟ್ಟಡದ ಆ ತುದಿಗೂ ಕೇಳಿತ್ತಂತೆ. ಅಂದಿನಿಂದ ಕಟ್ಟಿದವರನ್ನು ಬಿಟ್ಟು ಇನ್ನೊಬ್ಬರು ಗವಸಿನ ಲಾಡಿ ಮುಟ್ಟಿದ್ದಿಲ್ಲ. ನಿರ್ದೇಶಕರೇ ಬಂದರೂ ಕೈ ಹಿಂದಕ್ಕೆ ಕಟ್ಟಿಕೊಂಡು ನೋಡಿ ಹೋಗುತ್ತಾರೆ.

ಹೋದ ವರ್ಷದ ಆ ಸೋಮವಾರ ಬೆಳಿಗ್ಗೆ ಎಲೆಯಕ್ಕ ಮೊಂಡಿಗೆ ಗವಸು ಕಟ್ಟಿದರು. ಬುಧವಾರ ಮುಂಜಾನೆ ಬಿಚ್ಚಿ ಎರಡು ಎಲೆ ಕೊಯ್ಯುವುದು ಎಂದು ಲೆಕ್ಕ. ಹನ್ನೊಂದು ಗಂಟೆಗೆ ತಮ್ಮನ ಫೋನು ಬಂತು. ತಾಯಿ ಬಚ್ಚಲಲ್ಲಿ ಕುಸಿದು ಬಿದ್ದಿದ್ದರು, ಮಾತು ನಿಂತಿತ್ತು. ಎಲೆಯಕ್ಕ ಕೈ ಒರೆಸಿಕೊಂಡು ಹಾಗೆಯೇ ಬಸ್ಸು ಹತ್ತಿದರು. ಆರು ಗಂಟೆಯ ದಾರಿ. ಆಸ್ಪತ್ರೆಯಲ್ಲಿ ನಾಲ್ಕು ದಿನ ತಾಯಿಯ ಕೈ ಹಿಡಿದು ಕೂತರು. ಐದನೇ ದಿನ ತಾಯಿ ಹೋದರು. ಉಳಿದ ದಿನಗಳು ಹೇಗೆ ಕಳೆದವು ಎಂದು ಅವರಿಗೆ ನೆನಪಿಲ್ಲ.

ಗಿಡ ನೆನಪಾಗಲಿಲ್ಲವೇ ಎಂದು ಕೇಳಲು ಯಾರಿಗೂ ಬಾಯಿ ಬರುವುದಿಲ್ಲ. ಅವರು ತಾವಾಗಿಯೇ ಹೇಳುತ್ತಾರೆ.

“ನೆನಪಾಯ್ತು. ಬುಧವಾರ ಬೆಳಿಗ್ಗೆ ಐದು ಗಂಟೆಗೆ ಸರಿಯಾಗಿ ಎಚ್ಚರ ಆಯ್ತು. ಅಮ್ಮನ ಮಂಚದ ಪಕ್ಕ ಕುರ್ಚೀಲಿ ಕೂತಿದ್ದೆ. ಇವತ್ತು ಬಿಚ್ಚಬೇಕಿತ್ತಲ್ಲ ಅನ್ನಿಸ್ತು. ಯಾರಾದ್ರೂ ಬಿಚ್ತಾರೆ ಬಿಡು ಅಂದ್ಕೊಂಡೆ. ಹನ್ನೊಂದು ವರ್ಷ ಯಾರೂ ಬಿಚ್ಚಬಾರದು ಅಂತ ಬೈದಿದ್ದೋಳು ನಾನೇ. ಒಂದು ಫೋನ್ ಮಾಡಿದ್ರೆ ಆಗ್ತಿತ್ತು. ಫೋನು ಕೈಲೇ ಇತ್ತು.”

ಇತ್ತ ಗಾಜಿನ ಮನೆಯಲ್ಲಿ ಎಲ್ಲರೂ ನಿಯಮ ಪಾಲಿಸಿದರು. ಮೇಡಂ ಹೊರದೇಶದ ಸಮ್ಮೇಳನದಲ್ಲಿದ್ದರು. ವಿದ್ಯಾರ್ಥಿಗಳು ದಿನವೂ ಆ ಗವಸಿನ ಮುಂದೆಯೇ ಓಡಾಡಿದರು. ಅಕ್ಕ ಕಟ್ಟಿದ್ದಾರೆ ಅಂದರೆ ಅದಕ್ಕೇನೋ ಕಾರಣ ಇರುತ್ತದೆ ಎಂದುಕೊಂಡರು. ಅಕ್ಕನ ತಾಯಿಗೆ ಹುಷಾರಿಲ್ಲದಾಗ ಫೋನ್ ಮಾಡಿ ಗಿಡದ ವಿಷಯ ಕೇಳುವುದು ಹೇಗೆ ಎಂದು ಹಿಂಜರಿದರು. ಒಳ್ಳೆಯ ಮಕ್ಕಳು. ಕೆಟ್ಟವರಾಗಿದ್ದರೆ ಗಿಡ ಉಳಿಯುತ್ತಿತ್ತು. ಗಿಡಗಳಿಗೆ ನೀರುಣಿಸುವ ಹಿರಿಯ ಕೆಲಸಗಾರ, ಎಲ್ಲರ ಬಾಯಲ್ಲೂ ‘ನೀರಣ್ಣ’, ದಿನವೂ ತಪ್ಪದೆ ಕುಂಡದ ಕೆಳಗಿನ ತಟ್ಟೆಗೆ ನೀರು ಹಾಕಿದ. ಬೆಳಕಿಲ್ಲದ ಗಿಡ ನೀರು ಕುಡಿಯುವುದಿಲ್ಲ. ನೀರು ಬುಡದಲ್ಲೇ ನಿಂತಿತು.

“ಅಕ್ಕನ ಮುದ್ದಿನ ಗಿಡ ಅಂತ ಒಂದು ಗುಟುಕು ಹೆಚ್ಚೇ ಹಾಕ್ತಿದ್ದೆ” ಎನ್ನುತ್ತಾನೆ ನೀರಣ್ಣ, ಪೈಪಿನ ಬಾಯಿ ಹಿಚುಕಿ ಹಿಡಿದು.

ಒಂಬತ್ತು ದಿನ ಕಳೆದು ಹತ್ತನೆಯ ಬೆಳಿಗ್ಗೆ ಎಲೆಯಕ್ಕ ಬಸ್ಸಿಳಿದು ಮನೆಗೂ ಹೋಗದೆ ಬಂದರು. ಲಾಡಿ ಬಿಚ್ಚುವ ಮೊದಲೇ ವಾಸನೆ ಹೇಳಿತ್ತು. ಬುಡ ಕೊಳೆತು ಕಪ್ಪಗಾಗಿತ್ತು. ಐದು ಎಲೆ ಉದುರಿ ಮಣ್ಣಿಗೆ ಅಂಟಿದ್ದವು. ತುದಿಯಲ್ಲಿ ಎರಡು ಮಾತ್ರ, ನಂಬಲಾಗದಷ್ಟು ಹಸಿರಾಗಿ, ಇನ್ನೂ ನಿಂತಿದ್ದವು. ಕೇಳಿದ್ದೂ ಎರಡೇ ತಾನೇ.

ಅವರು ಮೇಡಂಗೆ ಫೋನ್ ಮಾಡಿದರು. ಎಷ್ಟು ಎಲೆ ಉಳಿದಿವೆ ಎಂದು ಆ ಕಡೆಯಿಂದ ಪ್ರಶ್ನೆ ಬಂತು. ಆಮೇಲೆ ಮೇಡಂ ಮೆಲ್ಲಗೆ, ಕೊಯ್ದುಬಿಡಿ ಅಕ್ಕ, ಸಂಜೆಗೆ ಅವೂ ಇರಲ್ಲ ಅಂದರು. ಆ ಎಲೆಗಳನ್ನು ನೆಟ್ಟು ಬೇರು ಬರಿಸಲು ಇಪ್ಪತ್ತನೇ ಸಲ ನೋಡುವುದೋ, ಇವತ್ತೇ ಅರೆಯುವುದೋ? ಎರಡಕ್ಕೂ ಸಾಲುವಷ್ಟು ಎಲೆ ಇರಲಿಲ್ಲ. ಹತ್ತೊಂಬತ್ತು ಸಲದ ಅನುಭವ ಏನು ಹೇಳುತ್ತಿತ್ತೋ ಅದನ್ನೇ ಎಲೆಯಕ್ಕ ಮಾಡಿದರು. ತಾಯಿಯ ಹೆಣ ಮುಟ್ಟಿದ ಕೈ ಅದು, ಐದು ದಿನ ಆಗಿರಲಿಲ್ಲ. ಬ್ಲೇಡು ಹಿಡಿದಾಗ ನಡುಗಲಿಲ್ಲ. ನಡುಗಬೇಕಿತ್ತು ಎಂದು ಅವರಿಗೆ ಈಗಲೂ ಅನ್ನಿಸುತ್ತದೆ.

“ಅವತ್ತು ಬಂದಂಥ ಹಸಿರು ಪಟ್ಟಿ ನನ್ನ ಕೈಲಿ ಮೂವತ್ತು ವರ್ಷದಲ್ಲಿ ಬಂದಿರ್ಲಿಲ್ಲ. ಒಂದು ಹರಳು ಪಿಷ್ಟ ಇಲ್ಲ, ಲೋಳೇನೂ ಇಲ್ಲ. ಎಲ್ಲಿಂದ ಬರ್ಬೇಕು? ಒಂಬತ್ತು ದಿನ ಅನ್ನ ಇಲ್ಲದೆ ಎಲ್ಲಾ ಕರಗಿಸ್ಕೊಂಡು ತಿಂದಿತ್ತು ಪಾಪ. ಹುಡುಗ್ರೆಲ್ಲ ಬಂದು ನೋಡಿ, ಎಷ್ಟು ಚೆನ್ನಾಗಿದೆ ಅಕ್ಕ ಅಂದ್ರು. ಚೆನ್ನಾಗೇ ಇತ್ತು.”

ಕಾಣೆಯಾಗಿದ್ದ ಎಂಟುನೂರು ಅಕ್ಷರ ಸಿಕ್ಕವು. ಉಂಗುರ ಕೂಡಿತು. ಒಂದು ಲಕ್ಷದ ಐವತ್ತಮೂರು ಸಾವಿರದ ನಾನೂರ ಎಂಟು ಅಕ್ಷರ, ಒಂದೂ ಬಿಡದೆ. ಯಾರು ಬೇಕಾದರೂ, ಎಲ್ಲಿ ಬೇಕಾದರೂ ಕೂತು ಕಂಪ್ಯೂಟರಿನಲ್ಲಿ ತೆರೆದು ನೋಡಬಹುದು. ವಿದ್ಯಾರ್ಥಿಯೊಬ್ಬ ಒಂದು ಸಲ ತೆರೆದು ತೋರಿಸಿದನಂತೆ. ಎಲೆಯಕ್ಕ ಕನ್ನಡಕ ಹಾಕಿಕೊಂಡು ಪರದೆಯ ಮೇಲೆ ಸರಿಯುವ ಆ ನಾಲ್ಕು ಅಕ್ಷರಗಳನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು. ಇದರಲ್ಲಿ ಕೂದಲು ಎಲ್ಲಿದೆ ಎಂದು ಕೇಳಿದರು. ಕೂದಲಿನ ವಿಷಯ ಈ ಬರಹದಲ್ಲಿ ಇರುವುದಿಲ್ಲ ಅಕ್ಕ, ಅದು ಬೇರೆ ಕಡೆ ಇರುತ್ತೆ, ಅದನ್ನು ನಾವು ಓದಲಿಲ್ಲ ಎಂದ ಆತ. ಮೊಂಡಿ ಯಾಕೆ ಮುನಿಸಿಕೊಳ್ಳುತ್ತಿತ್ತು ಎನ್ನುವುದೂ ಅದರಲ್ಲಿಲ್ಲ. ಅವರು ಆಮೇಲೆ ಆ ಪರದೆಯ ಹತ್ತಿರ ಹೋಗಲಿಲ್ಲ.

ಪ್ರಬಂಧ ಬರೆಯುವಾಗ ‘ಸಹಜ ಕಾರಣ’ ಎಂದು ಹಾಕಿದವರು ಮೇಡಂ. ಕೆಟ್ಟ ಉದ್ದೇಶದಿಂದಲ್ಲ. ನಿಜ ಬರೆದರೆ ವಿಚಾರಣೆ ಆಗುತ್ತದೆ, ನಿವೃತ್ತಿಯ ಹೊಸ್ತಿಲಲ್ಲಿ ಅಕ್ಕನ ತಲೆಗೆ ಬರುತ್ತದೆ, ತಾಯಿ ಸತ್ತ ವಾರದ ಮರೆವಿಗೆ ಮನುಷ್ಯರನ್ನು ಕಟಕಟೆಗೆ ಹತ್ತಿಸುವುದೇ ಎಂದು ಅವರ ವಾದ. ಮೂರನೇ ಸಲವೂ ಎಲೆ ಕೇಳಿದ್ದು ತಾವೇ ಎನ್ನುವುದನ್ನೂ ಅವರು ಮುಚ್ಚಿಡುವುದಿಲ್ಲ. ಎಲೆಯಕ್ಕನ ಹೆಸರನ್ನು ಮಾತ್ರ ಕೃತಜ್ಞತೆಯ ಮೂಲೆಗೆ ತಳ್ಳದೆ ಲೇಖಕರ ಸಾಲಿನಲ್ಲೇ ಹಾಕಿದ್ದಾರೆ. ಸಂಸ್ಥೆಯ ಚರಿತ್ರೆಯಲ್ಲಿ ಅಂಥದ್ದು ಇದೇ ಮೊದಲು. ಕತ್ತಲಲ್ಲಿಡುವುದರಿಂದ ಹಿಡಿದು ಪಟ್ಟಿ ಎತ್ತುವವರೆಗಿನ ಅವರ ಕೈಕೆಲಸ ಒಂದೂವರೆ ಪುಟ ಅಚ್ಚಾಗಿದೆ. ಸಹೋದ್ಯೋಗಿಗಳು ಸಿಹಿ ಹಂಚಿದರು. ಎಲೆಯಕ್ಕ ತಮ್ಮ ಪಾಲಿನದನ್ನು ಕಾಗದದಲ್ಲಿ ಸುತ್ತಿ ನೀರಣ್ಣನ ಕೈಗಿಟ್ಟರು.

ಸಾಲು ತಿದ್ದಿಸಿ ಎಂದು ಈವರೆಗೆ ನಾಲ್ಕು ಸಲ ಬರೆದು ಕೊಟ್ಟಿದ್ದಾರೆ. ಮೂರಕ್ಕೆ ಉತ್ತರವೇ ಇಲ್ಲ. ನಾಲ್ಕನೆಯದಕ್ಕೆ, ಇದರಿಂದ ಸಂಸ್ಥೆಯ ಹೆಸರಿಗೆ ಧಕ್ಕೆ ಬರಬಹುದು, ವಿಷಯ ಮುಗಿದಿದೆ ಎಂದು ಕಚೇರಿಯಿಂದ ಎರಡು ಸಾಲು ಬಂತು. ಯಜಮಾನರು, ಮಿಂಚಿಹೋದದ್ದಕ್ಕೆ ಚಿಂತಿಸಿ ಫಲವೇನು ಎಂದು ಸಮಾಧಾನ ಮಾಡಲು ಹೋಗಿ, ಹೆಂಡತಿ ಎರಡು ದಿನ ಮಾತು ಬಿಡುವ ಹಾಗೆ ಮಾಡಿಕೊಂಡಿದ್ದಾರೆ. ಗೋಡೆಯ ಕೆಂಪು ಹಾಳೆಯ ಕೆಳಗೆ ಎಲೆಯಕ್ಕ ಈಗ ಇನ್ನೊಂದು ಸಾಲು ಸೇರಿಸಿದ್ದಾರೆ: ‘ಕಟ್ಟಿದವರು ಬರದಿದ್ದರೆ ಯಾರಾದರೂ ಬಿಚ್ಚಿ.’ ಹೋದ ತಿಂಗಳು ಬೇಕೆಂದೇ ಒಂದು ಸಾಧಾರಣ ಗಿಡಕ್ಕೆ ಗವಸು ಕಟ್ಟಿ ರಜೆ ಹಾಕಿ ನೋಡಿದರು. ನಾಲ್ಕನೇ ದಿನ ಬಂದಾಗಲೂ ಲಾಡಿ ಅವರು ಹಾಕಿದ ಗಂಟಿನಲ್ಲೇ ಇತ್ತು. ಒಂದು ಸಲ ಹುಟ್ಟಿಸಿದ ಹೆದರಿಕೆ ಒಂದು ಸಾಲು ಶಾಯಿಗೆ ಹೋಗುತ್ತದೆಯೇ?

ಏಳು ಗಂಟೆ. ಬಿಸಿಲು ಗಾಜಿನ ಮೇಲೆ ಬೀಳುತ್ತಿದೆ. ಇವತ್ತಿನ ಹನ್ನೆರಡು ಡಬ್ಬಿ ತುಂಬಿದೆ. ಶೀತದ ಕೋಣೆಯ ಬಾಗಿಲ ಮುಂದೆ ನಿಂತು, ಮಫ್ಲರ್ ಸುತ್ತಿಕೊಳ್ಳುತ್ತ, ಅವರು ತಮಗೇನು ಬೇಕು ಎನ್ನುವುದನ್ನು ಕೊನೆಯ ಸಲ ಹೇಳುವವರ ಹಾಗೆ ನಿಧಾನವಾಗಿ ಹೇಳುತ್ತಾರೆ.

“ಸನ್ಮಾನ ಬೇಡ, ಫೋಟೊ ಬೇಡ. ಇನ್ಯಾವುದೋ ಬಂಡೆ ಮೇಲೆ ಅಂಥದ್ದೇ ಒಂದು ಗಿಡ ಇನ್ನೂ ಇರ್ಬಹುದು. ಇಲ್ಲ ಅನ್ಸುತ್ತೆ. ಆದ್ರೂ ಇದ್ರೆ, ಯಾರೋ ಒಬ್ಬರು ಅದನ್ನ ತರ್ತಾರೆ, ನಮ್ಮ ಪ್ರಬಂಧ ತೆಗೆದು ಓದ್ತಾರೆ. ಕತ್ತಲಲ್ಲಿಡಿ ಅಂತ ಅದ್ರಲ್ಲಿ ನನ್ನ ಹೆಸರಲ್ಲೇ ಬರೆದಿದೆ. ಅವ್ರೂ ಇಡ್ತಾರೆ. ಅವ್ರಿಗೂ ಒಬ್ಬ ತಾಯಿ ಇರ್ತಾಳೆ. ನಾನು ಮಾಡೋ ವಿಧಾನ ಒಂದೂವರೆ ಪುಟ ಬರೆದಿದ್ದಾರೆ. ನಾನು ಮಾಡಿದ ತಪ್ಪು ಒಂದು ಸಾಲು ಬರೀಲಿ.”